ವಿದೇಶದಲ್ಲಿ ದುಡಿಯುವವರ ವಾಸ್ತವ್ಯ ಸ್ಥಾನಮಾನ: ಹುಬ್ಬಳ್ಳಿ-ಧಾರವಾಡದಿಂದ ಹೊರಟವರ ಮುಂದಿರುವ ಆಯ್ಕೆಗಳು

ಉದ್ಯೋಗಕ್ಕಾಗಿ ಪರದೇಶಕ್ಕೆ ಹೋದವರು ಅಲ್ಲಿ ಎಷ್ಟು ಕಾಲ ಇರಬಹುದು, ಯಾರ ಬಳಿ ದುಡಿಯಬಹುದು, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೇ, ಕೆಲಸ ಹೋದರೆ ಎಷ್ಟು ದಿನದೊಳಗೆ ದೇಶ ಬಿಡಬೇಕು ಎಂಬುದನ್ನೆಲ್ಲ ತೀರ್ಮಾನಿಸುವ ಕಾನೂನಿನ ಅನುಮತಿಯೇ ವಾಸ್ತವ್ಯ ಸ್ಥಾನಮಾನ. ವೀಸಾ ಗಡಿ ದಾಟಿಸುತ್ತದೆ. ದಾಟಿದ ಮೇಲಿನ ಬದುಕನ್ನು ಈ ಸ್ಥಾನಮಾನ ನಡೆಸುತ್ತದೆ. ಕೊಲ್ಲಿಯ ಇಕಾಮಾ, ಅಮೆರಿಕದ ಎಚ್-1ಬಿ ಮತ್ತು ಗ್ರೀನ್ ಕಾರ್ಡ್, ಬ್ರಿಟನ್ನಿನ ಐಎಲ್‌ಆರ್, ಕೆನಡಾ ಮತ್ತು ಆಸ್ಟ್ರೇಲಿಯದ ಪಿಆರ್, ಜರ್ಮನಿಯ ಬ್ಲೂ ಕಾರ್ಡ್ ಇವು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಈಗ ದಿನಬಳಕೆಯ ಮಾತುಗಳು. ಹೆಸರುಗಳು ಗೊತ್ತಿರುವಷ್ಟು ಅವುಗಳ ಹಿಂದಿನ ಷರತ್ತುಗಳು ಗೊತ್ತಿರುವುದಿಲ್ಲ. ಅವಳಿನಗರದಿಂದ ಹೊರಡುವ ವೆಲ್ಡರ್, ನರ್ಸ್, ಸಾಫ್ಟ್‌ವೇರ್ ಎಂಜಿನಿಯರ್ ಮೂವರೂ ಸಂಬಳದ ಅಂಕಿ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿ ಉಳಿಯುವ ಹಕ್ಕು ಕಂಪನಿಯ ಕೈಯಲ್ಲಿರುತ್ತದೋ, ನನ್ನ ಕೈಯಲ್ಲಿರುತ್ತದೋ? ಇದಕ್ಕೆ ಸಿಗುವ ಉತ್ತರದ ಮೇಲೆಯೇ ಮುಂದಿನ ಹತ್ತು ಹದಿನೈದು ವರ್ಷಗಳ ದಾರಿ ನಿಂತಿರುತ್ತದೆ.

ಹಿನ್ನೆಲೆ

1947ರಲ್ಲಿ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1957ರಲ್ಲಿ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದ ಕಾಲಕ್ಕೆ ಹೊರದೇಶಗಳ ಬಾಗಿಲುಗಳು ಬೇರೆ ರೀತಿಯಲ್ಲಿ ತೆರೆದಿದ್ದವು. 1962ರವರೆಗೆ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿಗೆ ಹೋಗಿ ನೆಲೆಸಲು ದೊಡ್ಡ ಅಡ್ಡಿಯಿರಲಿಲ್ಲ. ಆ ವರ್ಷ ಬಂದ ಕಾನೂನು ಅದಕ್ಕೆ ತಡೆ ಹಾಕಿತು. 1965ರಲ್ಲಿ ಅಮೆರಿಕ ದೇಶವಾರು ಹಳೆಯ ಕೋಟಾವನ್ನು ಕೈಬಿಟ್ಟಿತು, 1967ರಲ್ಲಿ ಕೆನಡಾ ಅಂಕಗಳ ಪದ್ಧತಿ ತಂದಿತು. ಹೀಗಾಗಿ ಓದಿದವರ ದಾರಿ ಅಟ್ಲಾಂಟಿಕ್ ಆಚೆಗೆ ತಿರುಗಿತು. ಹುಬ್ಬಳ್ಳಿಯಲ್ಲಿ 1950ರಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ ಮದ್ರಾಸ್ ಐಐಟಿಯಿಂದ ಕೆನಡಾದ ನ್ಯೂ ಬ್ರನ್ಸ್‌ವಿಕ್ ಮತ್ತು ಕ್ವೀನ್ಸ್ ವಿಶ್ವವಿದ್ಯಾಲಯಗಳಿಗೆ ಹೋಗಿ, ಆಮೇಲೆ ಅಮೆರಿಕದಲ್ಲಿ ಸೈಕಮೋರ್ ನೆಟ್‌ವರ್ಕ್ಸ್ ಕಂಪನಿ ಕಟ್ಟಿದರು. ಅವರ ಹೆಸರಿನ ಪ್ರತಿಷ್ಠಾನ ಇಂದು ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಿದೆ. ಓದಲು ಹೋಗಿ, ಕೆಲಸ ಹಿಡಿದು, ಅಲ್ಲೇ ನೆಲೆಸುವ ಆ ಪೀಳಿಗೆಯ ದಾರಿ ಅಂದಿಗೆ ಇಂದಿಗಿಂತ ಚಿಕ್ಕದಿತ್ತು.

ಕೊಲ್ಲಿಯ ಕಥೆ ಬೇರೆ. 1973ರ ತೈಲ ಬೆಲೆ ಏರಿಕೆಯ ನಂತರ ಅಲ್ಲಿ ಕಟ್ಟಡ, ರಸ್ತೆ, ಬಂದರು ಕಟ್ಟಲು ಕೈಗಳು ಬೇಕಾದವು. ರೈಲ್ವೆ ಕಾರ್ಯಾಗಾರ, ಐಟಿಐಗಳು ಮತ್ತು ಗ್ಯಾರೇಜುಗಳಿರುವ ಹುಬ್ಬಳ್ಳಿಯಂಥ ಊರಿನ ಫಿಟ್ಟರ್, ವೆಲ್ಡರ್, ಡ್ರೈವರ್, ಎಸಿ ಮೆಕ್ಯಾನಿಕ್‌ಗಳಿಗೆ ಅದು ಹತ್ತಿರದ ವಿದೇಶ. ಆದರೆ ಆ ದೇಶಗಳು ದುಡಿಮೆಗೆ ಕರೆದವೇ ಹೊರತು ನೆಲೆಸಲು ಕರೆಯಲಿಲ್ಲ. ಇಂದಿಗೂ ಮೂಲ ವ್ಯವಸ್ಥೆ ಅದೇ.

ಊರಲ್ಲೇ ಆಗುವ ಮೊದಲ ತೀರ್ಮಾನ

ವಾಸ್ತವ್ಯದ ಪ್ರಶ್ನೆ ದುಬೈಯಲ್ಲೋ ಡಲ್ಲಾಸ್‌ನಲ್ಲೋ ಶುರುವಾಗುತ್ತದೆ ಎಂದುಕೊಳ್ಳುವವರು ಬಹಳ. ನಿಜವಾಗಿ ಅದು ಶುರುವಾಗುವುದು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ, ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯ ಪ್ರಕಾರ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಅರ್ಜಿ ಈಗ ಇ-ಮೈಗ್ರೇಟ್ ಪೋರ್ಟಲ್ ಮೂಲಕ ಹೋಗುತ್ತದೆ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲಿದೆ.

ಈ ಅನುಮತಿ ಬರೀ ಕಿರಿಕಿರಿ ಎಂದು ಹೇಳಿ ವಿಸಿಟ್ ವೀಸಾದ ಮೇಲೆ ಕಳಿಸುವ ಏಜೆಂಟರಿದ್ದಾರೆ. 'ಮೊದಲು ಹೋಗ್ರಿ, ಅಲ್ಲಿ ಹೋದಮ್ಯಾಲೆ ಬದಲಿ ಮಾಡಿಸೋಣ' ಎಂಬ ಮಾತನ್ನು ನಂಬಿ ಹೋದವನು ವಿಮಾನ ಹತ್ತುವ ಮುನ್ನವೇ ಕಳೆದುಕೊಳ್ಳುವುದು ಏನನ್ನು ಎಂದು ನೋಡಬೇಕು. ಅನುಮತಿ ಪಡೆದು ಹೋದವನ ಕೆಲಸದ ಕರಾರು ಸರ್ಕಾರದ ದಾಖಲೆಯಲ್ಲಿರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷ ರೂಪಾಯಿಯ ವಿಮೆ ಇರುತ್ತದೆ. ಅದರ ಕಂತು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಮಾತ್ರ, ತೆರಿಗೆ ಬೇರೆ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ವಿಸಿಟ್ ವೀಸಾದಲ್ಲಿ ಹೋದವನಿಗೆ ಇವು ಯಾವುವೂ ಇಲ್ಲ. ಅಲ್ಲಿ ಕೈಗೆ ಪೆಟ್ಟಾದರೆ ಅಥವಾ ಸಂಬಳ ನಿಂತರೆ ದೂರು ಕೊಡಲು ಆಧಾರವಾಗುವ ಒಂದು ಕಾಗದವೂ ಅವನ ಬಳಿ ಇರುವುದಿಲ್ಲ. 2024ರಲ್ಲಿ ಸೆಕ್ಯುರಿಟಿ ಕೆಲಸ ಕೊಡಿಸುತ್ತೇವೆಂಬ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಭಾಗದ ಯುವಕರು ಯುದ್ಧಭೂಮಿಯ ಹತ್ತಿರಕ್ಕೆ ತಲುಪಿದ ಸುದ್ದಿ ಉತ್ತರ ಕರ್ನಾಟಕದ ಎಲ್ಲ ಊರುಗಳನ್ನೂ ತಟ್ಟಿತು. ಹೋಗುವ ಮುನ್ನ ಏಜೆಂಟ್ ನೋಂದಾಯಿತನೇ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡಲು ಐದು ನಿಮಿಷ ಸಾಕು. ಐದು ನಿಮಿಷದ ಆ ಕೆಲಸವನ್ನು ಮನೆಯವರೇ ಕೂತು ಮಾಡಬೇಕು, ಏಜೆಂಟ್ ತೋರಿಸುವ ಜೆರಾಕ್ಸ್ ಪ್ರತಿ ನಂಬಬಾರದು.

ಕೊಲ್ಲಿ ದೇಶಗಳು

ಕೊಲ್ಲಿಯ ವಾಸ್ತವ್ಯ ಕಫೀಲ್ ಎಂಬ ಪ್ರಾಯೋಜಕನ ಮೇಲೆ ನಿಂತದ್ದು. ಕೆಲಸ ಕೊಟ್ಟವನೇ ವಾಸ್ತವ್ಯಕ್ಕೂ ಹೊಣೆ. ಕೆಲಸ ಮುಗಿದರೆ ವಾಸ್ತವ್ಯವೂ ಮುಗಿಯುತ್ತದೆ. ಈಚೆಗೆ ಈ ಬಿಗಿ ಸ್ವಲ್ಪ ಸಡಿಲವಾಗಿದೆ. ಕತಾರ್ 2020ರಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕನ ಒಪ್ಪಿಗೆ ಪತ್ರ ಬೇಕೆಂಬ ನಿಯಮ ತೆಗೆಯಿತು, 2021ರಲ್ಲಿ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಮೂಲ ವೇತನ ಜಾರಿಗೆ ತಂದಿತು. ಸೌದಿ ಅರೇಬಿಯ 2021ರ ಮಾರ್ಚ್‌ನಿಂದ ಕೆಲವು ಷರತ್ತುಗಳ ಮೇಲೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಮನೆಗೆಲಸದವರು ಮತ್ತು ಮನೆ ಚಾಲಕರು ಮಾತ್ರ ಅದರ ಹೊರಗೇ ಉಳಿದರು.

ಈ ಕೊನೆಯ ಮಾತು ಮುಖ್ಯ. ಒಂದೇ ದೇಶದಲ್ಲಿ, ಹೆಚ್ಚು ಕಡಿಮೆ ಒಂದೇ ಸಂಬಳಕ್ಕೆ, ಇಬ್ಬರ ಸ್ಥಾನಮಾನ ಬೇರೆಯಾಗಬಹುದು. ಕುವೈತಿನಲ್ಲಿ ವಾಸ್ತವ್ಯವನ್ನು ವಿಧಿಗಳ ಸಂಖ್ಯೆಯಿಂದಲೇ ಗುರುತಿಸುತ್ತಾರೆ: 17 ಸರ್ಕಾರಿ ನೌಕರರಿಗೆ, 18 ಖಾಸಗಿ ಕಂಪನಿಯವರಿಗೆ, 20 ಮನೆಗೆಲಸದವರಿಗೆ, 22 ಕುಟುಂಬದವರಿಗೆ. ಡ್ರೈವರ್ ಕೆಲಸ ಎಂದು ಹೇಳಿ 20ನೇ ವಿಧಿಯ ಮೇಲೆ ಕರೆಸಿಕೊಂಡರೆ ಅವನು ಕಾನೂನಿನ ಕಣ್ಣಲ್ಲಿ ಮನೆಗೆಲಸದವನು. ಕಂಪನಿ ಕಾರ್ಮಿಕರಿಗಿರುವ ಕಾನೂನು ಅವನಿಗೆ ಅನ್ವಯಿಸುವುದಿಲ್ಲ, ಕಂಪನಿಗೆ ಬದಲಾಗುವುದೂ ಸಾಮಾನ್ಯ ಕಾಲದಲ್ಲಿ ಕಷ್ಟ. 2024ರಲ್ಲಿ ಜುಲೈ 14ರಿಂದ ಸೆಪ್ಟೆಂಬರ್ 12ರವರೆಗೆ 20ರಿಂದ 18ಕ್ಕೆ ಬದಲಾಗಲು ಕುವೈತ್ ಸರ್ಕಾರ ಅವಕಾಶ ಕೊಟ್ಟಿತು. ಅದಕ್ಕೂ ಹಳೆಯ ಮಾಲೀಕನ ಒಪ್ಪಿಗೆ ಬೇಕಿತ್ತು, ಒಂದು ವರ್ಷ ಅವನ ಬಳಿ ದುಡಿದಿರಬೇಕಿತ್ತು. ಆದ್ದರಿಂದ ಕುವೈತಿಗೆ ಹೊರಟವರು ವೀಸಾದ ಮೇಲಿನ ಅಂಕಿಯನ್ನು ಊರಿನಲ್ಲೇ ಓದಿಸಿಕೊಳ್ಳಬೇಕು.

'ಆಜಾದ್ ವೀಸಾ' ಎಂಬ ಮಾತು ಕೊಲ್ಲಿಗೆ ಹೋಗುವವರ ನಡುವೆ ಬಹಳ ಕಾಲದಿಂದ ಓಡಾಡುತ್ತಿದೆ. ಒಬ್ಬ ಕಫೀಲನ ಹೆಸರಿನಲ್ಲಿ ವೀಸಾ ಕೊಂಡು, ಹೊರಗೆ ಎಲ್ಲಿ ಬೇಕಾದರೂ ದುಡಿದು, ಅವನಿಗೆ ವರ್ಷಕ್ಕಿಷ್ಟು ಎಂದು ಕಟ್ಟುವ ಏರ್ಪಾಡು ಇದು. ಯಾವ ದೇಶದ ಕಾನೂನಿನಲ್ಲೂ ಇಂಥ ವೀಸಾ ಇಲ್ಲ. ಸೌದಿಯಲ್ಲಿ ಕಫೀಲ ಮನಸ್ಸು ಬದಲಿಸಿ 'ಹುರೂಬ್', ಅಂದರೆ ಓಡಿಹೋದವನು, ಎಂದು ದಾಖಲಿಸಿದರೆ ದುಡಿಯುವವನ ವಾಸ್ತವ್ಯ ಪರವಾನಗಿಯಾದ ಇಕಾಮಾ ನಿಷ್ಪ್ರಯೋಜಕವಾಗುತ್ತದೆ; ಬ್ಯಾಂಕ್ ಖಾತೆ, ಊರಿಗೆ ಹೋಗುವ ಅನುಮತಿ ಎಲ್ಲಕ್ಕೂ ತಡೆ ಬೀಳುತ್ತದೆ. ಯುಎಇ 2024ರ ಕಾರ್ಮಿಕ ಕಾನೂನಿನ ತಿದ್ದುಪಡಿಯಲ್ಲಿ ಪರವಾನಗಿಯಿಲ್ಲದವರಿಗೆ ಕೆಲಸ ಕೊಡುವ ಮಾಲೀಕರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಾಮ್‌ವರೆಗೆ ದಂಡ ವಿಧಿಸಿತು. ಹೀಗಾಗಿ ಈಗ ಅಂಥವರನ್ನು ಇಟ್ಟುಕೊಳ್ಳಲು ಮಾಲೀಕರೇ ಹಿಂಜರಿಯುತ್ತಾರೆ.

ಕುಟುಂಬದ ವಿಷಯದಲ್ಲಿ ಲೆಕ್ಕ ಹಾಕದೆ ಹೋಗಬಾರದು. ಯುಎಇಯಲ್ಲಿ ಹೆಂಡತಿ ಮಕ್ಕಳನ್ನು ಕರೆಸಲು 4,000 ದಿರ್ಹಾಮ್ ಅಥವಾ ವಸತಿಯ ಜೊತೆ 3,000 ದಿರ್ಹಾಮ್ ಸಂಬಳ ಇದ್ದರೆ ಸಾಕು. 2019ರಿಂದ ಹುದ್ದೆಯ ಹೆಸರು ನೋಡುವುದಿಲ್ಲ. ಸೌದಿಯಲ್ಲಿ 2017ರಿಂದ ಕುಟುಂಬದ ಪ್ರತಿಯೊಬ್ಬರ ಮೇಲೂ ತಿಂಗಳ ಶುಲ್ಕ ಶುರುವಾಗಿ 2020ರಲ್ಲಿ 400 ರಿಯಾಲ್‌ಗೆ ಏರಿತು. ಹೆಂಡತಿ ಮತ್ತು ಇಬ್ಬರು ಮಕ್ಕಳೆಂದರೆ ತಿಂಗಳಿಗೆ 1,200 ರಿಯಾಲ್. ಎಷ್ಟೋ ಮನೆಗಳು ಈ ಲೆಕ್ಕಕ್ಕೆ ಸಿಕ್ಕಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ದುಡಿಯುವವನು ಒಬ್ಬನೇ ಉಳಿದಿದ್ದಾನೆ.

ಹೆಚ್ಚು ಸಂಬಳದವರಿಗೆ ಯುಎಇಯಲ್ಲಿ ಇನ್ನೆರಡು ದಾರಿಗಳಿವೆ. 2022ರಲ್ಲಿ ಬಂದ ಗ್ರೀನ್ ವೀಸಾ 5 ವರ್ಷದ್ದು. ಪದವಿ ಮತ್ತು 15,000 ದಿರ್ಹಾಮ್ ಸಂಬಳ ಬೇಕು, ಪ್ರಾಯೋಜಕ ಬೇಡ. ಗೋಲ್ಡನ್ ವೀಸಾ 10 ವರ್ಷದ್ದು. 30,000 ದಿರ್ಹಾಮ್ ಸಂಬಳದ ವೃತ್ತಿಪರರು ಅಥವಾ 20 ಲಕ್ಷ ದಿರ್ಹಾಮ್ ಬೆಲೆಯ ಆಸ್ತಿ ಹೊಂದಿದವರು ಅರ್ಹರು. ಸಾಮಾನ್ಯ ವಾಸ್ತವ್ಯದವರು 180 ದಿನ ಹೊರಗಿದ್ದರೆ ಅದು ರದ್ದಾಗುತ್ತದೆ, ಗೋಲ್ಡನ್ ವೀಸಾಕ್ಕೆ ಆ ಮಿತಿ ಇಲ್ಲ. ಅರ್ಹತೆ ಬಂದ ದಿನವೇ ಕಂಪನಿ ವೀಸಾ ಬಿಟ್ಟು ಇವುಗಳಿಗೆ ಬದಲಾಗುವುದು ಲೇಸು. ಕೆಲಸ ಹೋದರೂ ಮನೆ, ಮಕ್ಕಳ ಶಾಲೆ ಉಳಿಯುತ್ತವೆ.

ಅಮೆರಿಕ: ಸರದಿಯ ಉದ್ದ

ಎಚ್-1ಬಿ ಎಂಬ ಉದ್ಯೋಗ ವೀಸಾ 1990ರ ವಲಸೆ ಕಾನೂನಿನ ಕೂಸು. ಮೊದಲು 3 ವರ್ಷ, ಮತ್ತೆ 3 ವರ್ಷ. ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಬೇಡಿಕೆ ಇದಕ್ಕಿಂತ ಬಹಳ ಹೆಚ್ಚಿರುವುದರಿಂದ ಲಾಟರಿ. 2025ರ ಸೆಪ್ಟೆಂಬರ್‌ನ ಅಧ್ಯಕ್ಷರ ಘೋಷಣೆ ಹೊರಗಿನಿಂದ ಬರುವ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಭಾರತದಿಂದ ನೇರವಾಗಿ ಈ ದಾರಿಯಲ್ಲಿ ಹೋಗುವುದು ಇನ್ನೂ ಕಠಿಣವಾಯಿತು.

ಕಂಪನಿಯೊಳಗೇ ವರ್ಗವಾಗಿ ಹೋಗುವವರಿಗೆ ಎಲ್-1 ಇದೆ. ವ್ಯವಸ್ಥಾಪಕರಿಗೆ 7 ವರ್ಷ, ವಿಶೇಷ ಪರಿಣತರಿಗೆ 5 ವರ್ಷ. ಲಾಟರಿ ಇಲ್ಲ. ಆದರೆ ಎಲ್-1 ಹೊಂದಿದವರು ಬೇರೆ ಕಂಪನಿಗೆ ಹೋಗುವಂತಿಲ್ಲ. ಎಚ್-1ಬಿಯವರು ಹೊಸ ಕಂಪನಿ ಅರ್ಜಿ ಹಾಕಿದರೆ ಹೋಗಬಹುದು. ಮತ್ತೊಂದು ಕಡೆಯಿಂದ ನೋಡಿದರೆ ಎಲ್-1ನವರ ಸಂಗಾತಿ ಬಂದಿಳಿದ ದಿನದಿಂದ ಕೆಲಸ ಮಾಡಬಹುದು. ಎಚ್-1ಬಿಯವರ ಸಂಗಾತಿಗೆ ಆ ಹಕ್ಕು ಸಿಗುವುದು ಸಾಮಾನ್ಯವಾಗಿ ಗ್ರೀನ್ ಕಾರ್ಡ್‌ನ ಐ-140 ಅರ್ಜಿ ಮಂಜೂರಾದ ಮೇಲೆ, ಅದೂ 2015ರ ನಿಯಮದಿಂದ. ಧಾರವಾಡದಲ್ಲಿ ಡೆಂಟಲ್ ಓದಿದ, ಬ್ಯಾಂಕಿನಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಮದುವೆಯಾಗಿ ಹೋಗಿ ವರ್ಷಗಟ್ಟಲೆ ಮನೆಯಲ್ಲೇ ಕೂರಬೇಕಾದದ್ದು ಈ ನಿರ್ಬಂಧದ ಫಲ. ಮದುವೆಯ ಮಾತುಕತೆಯಲ್ಲಿ ಹುಡುಗನ ಸಂಬಳ ಕೇಳುವವರು ವೀಸಾದ ಬಗೆಯನ್ನೂ ಕೇಳಬೇಕು. ಸೊಸೆಯ ದುಡಿಮೆಯ ಹಕ್ಕು ಅದರಲ್ಲಿದೆ.

ಶಾಶ್ವತ ವಾಸ್ತವ್ಯ ಕೊಡುವ ಗ್ರೀನ್ ಕಾರ್ಡ್ ವಿಷಯಕ್ಕೆ ಬಂದರೆ ಸಂಖ್ಯೆಗಳೇ ಎಲ್ಲ ಹೇಳುತ್ತವೆ. ಉದ್ಯೋಗ ಆಧಾರಿತ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ರ ಮಿತಿ. 2025ರ ವೀಸಾ ಬುಲೆಟಿನ್‌ಗಳಲ್ಲಿ ಉನ್ನತ ಪದವೀಧರ ಭಾರತೀಯರ ಇಬಿ-2 ವರ್ಗದ ಸರದಿ 2012 ಮತ್ತು 2013ರ ನಡುವೆ ತೆವಳುತ್ತಿತ್ತು. ಅಂದರೆ ಹನ್ನೆರಡು ವರ್ಷದ ಹಿಂದೆ ಅರ್ಜಿ ಹಾಕಿದವರ ಪಾಳಿ ಆಗ ಬರುತ್ತಿತ್ತು. ಅವರ ಹಿಂದೆ ನಿಂತವರ ಸಾಲು ಇನ್ನೂ ಉದ್ದ. ಅಲ್ಲಿಯವರೆಗೆ ಐ-140ರ ಆಧಾರದ ಮೇಲೆ ಎಚ್-1ಬಿಯನ್ನು 6 ವರ್ಷದಾಚೆಗೂ ನವೀಕರಿಸುತ್ತಾ ಇರಬಹುದು. ಕೆಲಸ ಹೋದರೆ ಮಾತ್ರ ಹೊಸ ಪ್ರಾಯೋಜಕನನ್ನು ಹುಡುಕಲು ಹೆಚ್ಚೆಂದರೆ 60 ದಿನ. ಚಿಕ್ಕಂದಿನಲ್ಲಿ ಹೋದ ಮಗು 21 ತುಂಬಿದ ದಿನ ತಂದೆ ತಾಯಿಯ ಆಸರೆಯಿಂದ ಕಾನೂನಿನ ಪ್ರಕಾರ ಹೊರಬೀಳುತ್ತದೆ. ಅಲ್ಲೇ ಬೆಳೆದ ಹುಡುಗ ವಿದೇಶಿ ವಿದ್ಯಾರ್ಥಿಯ ಎಫ್-1 ವೀಸಾಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಸರದಿಯನ್ನು ಎಣಿಸುವುದು ಪೌರತ್ವದಿಂದಲ್ಲ, ಹುಟ್ಟಿದ ದೇಶದಿಂದ. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಪಾಳಿಯಲ್ಲಿ ನಿಲ್ಲಬಹುದು. ಕೊಲ್ಲಿಯಲ್ಲಿ ದುಡಿದ ಕುಟುಂಬದಲ್ಲಿ ಮಸ್ಕತ್‌ನಲ್ಲೋ ಕುವೈತಿನಲ್ಲೋ ಹುಟ್ಟಿದ ಮಕ್ಕಳಿಗೆ ಈ ನಿಯಮ ದೊಡ್ಡ ಸಹಾಯ.

ಅಮೆರಿಕದ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದ ಇಲ್ಲ. ಅಲ್ಲಿ ಪಿಂಚಣಿ ಹಕ್ಕು ಸಿಗಲು ಸುಮಾರು 10 ವರ್ಷದ ದುಡಿಮೆ ಬೇಕು. ಆರು ವರ್ಷ ದುಡಿದು ಮರಳಿದವರು ಕಟ್ಟಿದ ಹಣ ಅಲ್ಲೇ ಉಳಿಯುತ್ತದೆ. ಜರ್ಮನಿ, ನೆದರ್ಲೆಂಡ್ಸ್, ಜಪಾನ್, ಕೆನಡಾ, ಆಸ್ಟ್ರೇಲಿಯ ಮುಂತಾದ ದೇಶಗಳೊಂದಿಗೆ ಒಪ್ಪಂದವಿದೆ. ಕಂಪನಿಯೇ ಅಲ್ಲಿಗೆ ಕಳಿಸಿದವರು ಇಪಿಎಫ್‌ಒದಿಂದ ಪ್ರಮಾಣಪತ್ರ ಪಡೆದು ಎರಡೂ ಕಡೆ ಕಟ್ಟುವುದನ್ನು ತಪ್ಪಿಸಬಹುದು.

ಬ್ರಿಟನ್, ಜರ್ಮನಿ, ಕೆನಡಾ, ಆಸ್ಟ್ರೇಲಿಯ, ಸಿಂಗಪುರ

ಬ್ರಿಟನ್ನಿನಲ್ಲಿ ಎಡವುವವರು ಹೆಚ್ಚಾಗಿ ಎರಡು ಹೆಸರುಗಳ ನಡುವೆ ಎಡವುತ್ತಾರೆ. ಭಾರತದ ಐಟಿ ಕಂಪನಿ ತನ್ನ ಲಂಡನ್ ಶಾಖೆಗೆ ಕಳಿಸುವಾಗ ಕೊಡಿಸುವುದು ಬಹುಮಟ್ಟಿಗೆ ಗ್ಲೋಬಲ್ ಬಿಸಿನೆಸ್ ಮೊಬಿಲಿಟಿ ವೀಸಾ. ಅದರಲ್ಲಿ ಎಷ್ಟು ವರ್ಷ ಇದ್ದರೂ ಶಾಶ್ವತ ವಾಸ್ತವ್ಯದ ಐಎಲ್‌ಆರ್ ದಾರಿ ತೆರೆಯುವುದಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಅದು ತೆರೆಯುತ್ತದೆ. ಇಬ್ಬರೂ ಒಂದೇ ಮೇಜಿನ ಆಚೀಚೆ ಕೂತು ಒಂದೇ ಕೆಲಸ ಮಾಡುತ್ತಿರಬಹುದು. ಒಬ್ಬರ ವರ್ಷಗಳು ಎಣಿಕೆಗೆ ಬರುತ್ತವೆ, ಇನ್ನೊಬ್ಬರವು ಬರುವುದಿಲ್ಲ. ಐಎಲ್‌ಆರ್‌ಗೆ 5 ವರ್ಷ ಎಂಬ ಲೆಕ್ಕವನ್ನೂ 2025ರ ಮೇ ತಿಂಗಳ ಶ್ವೇತಪತ್ರ 10ಕ್ಕೆ ಏರಿಸುವ ಪ್ರಸ್ತಾವ ಮುಂದಿಟ್ಟಿತು. ಸ್ಕಿಲ್ಡ್ ವರ್ಕರ್‌ಗೆ ಬೇಕಾದ ಸಾಮಾನ್ಯ ಸಂಬಳದ ಮಟ್ಟ 2025ರ ಜುಲೈ 22ರಿಂದ 41,700 ಪೌಂಡ್. ಅದೇ ದಿನದಿಂದ ಹೊರದೇಶಗಳಿಂದ ಕೇರ್ ವರ್ಕರ್‌ಗಳ ಹೊಸ ನೇಮಕಾತಿ ನಿಂತಿದೆ. ಅಷ್ಟಾದರೂ 'ಕೇರ್ ವೀಸಾ' ಕೊಡಿಸುತ್ತೇವೆಂದು ಹಣ ಕೇಳುವವರಿದ್ದರೆ ನಂಬಬಾರದು. ನೋಂದಾಯಿತ ನರ್ಸ್‌ಗಳ ವಿಷಯ ಬೇರೆ: ಅವರಿಗೆ ಆರೋಗ್ಯ ಸಿಬ್ಬಂದಿಯ ವೀಸಾ ಇನ್ನೂ ಇದೆ, ವರ್ಷಕ್ಕೆ 1,035 ಪೌಂಡ್‌ನ ಆರೋಗ್ಯ ಶುಲ್ಕದಿಂದ ವಿನಾಯಿತಿಯೂ ಇದೆ.

ಜರ್ಮನಿ ಈಚಿನ ವರ್ಷಗಳಲ್ಲಿ ಕರೆಯುತ್ತಿರುವ ದೇಶ. ಭಾರತೀಯ ಕುಶಲ ಕಾರ್ಮಿಕರ ವೀಸಾ ಮಿತಿಯನ್ನು 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಅದು ಪ್ರಕಟಿಸಿತು. ಬ್ಲೂ ಕಾರ್ಡ್ ಹೊಂದಿದವರಿಗೆ 27 ತಿಂಗಳಲ್ಲಿ, ಜರ್ಮನ್ ಭಾಷೆಯ ಬಿ1 ಮಟ್ಟ ಮುಟ್ಟಿದವರಿಗೆ 21 ತಿಂಗಳಲ್ಲಿ ಶಾಶ್ವತ ವಾಸ್ತವ್ಯ ಸಿಗಬಹುದು. ಸಂಗಾತಿಗೆ ಮೊದಲ ದಿನದಿಂದ ದುಡಿಯುವ ಹಕ್ಕಿದೆ. ಅಮೆರಿಕದ ಹನ್ನೆರಡು ವರ್ಷದ ಸರದಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಒಂದು ಭಾಷೆ ಕಲಿಯುವ ಶ್ರಮ ದೊಡ್ಡದೇನಲ್ಲ. ನರ್ಸ್‌ಗಳಿಗೆ ಬಿ2 ಮಟ್ಟದವರೆಗಿನ ಭಾಷೆ ಮತ್ತು ಪದವಿಯ ಮಾನ್ಯತೆ ಬೇಕಾಗುವುದರಿಂದ ತಯಾರಿಗೆ ಒಂದೆರಡು ವರ್ಷ ಹಿಡಿಯುತ್ತದೆ.

ಕೆನಡಾದ ವಿಶೇಷವೆಂದರೆ ಕೆಲಸವಿಲ್ಲದೆಯೂ ಊರಿನಿಂದಲೇ ಶಾಶ್ವತ ವಾಸ್ತವ್ಯದ ಪಿಆರ್‌ಗೆ ಅರ್ಜಿ ಹಾಕಬಹುದು. 2015ರಲ್ಲಿ ಬಂದ ಎಕ್ಸ್‌ಪ್ರೆಸ್ ಎಂಟ್ರಿ ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ ಕೊಡುತ್ತದೆ. ನೌಕರಿಯ ಆಹ್ವಾನ ಪತ್ರಕ್ಕೆ ಕೊಡುತ್ತಿದ್ದ ಅಂಕವನ್ನು 2025ರ ಮಾರ್ಚ್‌ನಲ್ಲಿ ತೆಗೆದದ್ದು ಒಳ್ಳೆಯದೇ ಆಯಿತು. ಆ ಪತ್ರಗಳನ್ನು ಲಕ್ಷಗಟ್ಟಲೆಗೆ ಮಾರುವ ದಂಧೆಗೆ ಪೆಟ್ಟು ಬಿತ್ತು. ಪಿಆರ್ ಉಳಿಯಬೇಕಾದರೆ 5 ವರ್ಷದಲ್ಲಿ 730 ದಿನ ಅಲ್ಲಿರಬೇಕು. ಆಸ್ಟ್ರೇಲಿಯದಲ್ಲಿ 189 ಎಂಬ ಉಪವರ್ಗ ಸ್ವತಂತ್ರ ಪಿಆರ್. 482 ಕಂಪನಿಯ ಪ್ರಾಯೋಜಕತ್ವದ್ದು, 2024ರ ಡಿಸೆಂಬರ್‌ನಿಂದ ಹೊಸ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿ ಕೆಲಸ ಹೋದವರಿಗೆ ಹೊಸ ಪ್ರಾಯೋಜಕನನ್ನು ಹುಡುಕಲು ಒಮ್ಮೆಗೆ 180 ದಿನ ಸಿಗುತ್ತದೆ, ಅಮೆರಿಕದ ಮೂರು ಪಟ್ಟು. ಸಿಂಗಪುರದಲ್ಲಿ ಎಂಪ್ಲಾಯ್‌ಮೆಂಟ್ ಪಾಸ್, ಎಸ್ ಪಾಸ್, ವರ್ಕ್ ಪರ್ಮಿಟ್ ಎಂಬ ಮೂರು ಮೆಟ್ಟಿಲುಗಳು. ವರ್ಕ್ ಪರ್ಮಿಟ್‌ನವರು ಕುಟುಂಬ ಕರೆಸುವಂತಿಲ್ಲ. ಪಿಆರ್ ಪಡೆದ ಕುಟುಂಬದ ಗಂಡುಮಕ್ಕಳು ಎರಡು ವರ್ಷ ಸೈನಿಕ ಸೇವೆ ಮಾಡಬೇಕು. ಅರ್ಜಿಗೆ ಮಗನ ಹೆಸರು ಸೇರಿಸುವ ಮುನ್ನ ಮನೆಯಲ್ಲಿ ಮಾತಾಡಬೇಕಾದ ವಿಷಯ ಇದು.

ಹೆಸರು, ಊರು, ಜಿಲ್ಲೆ: ದಾಖಲೆಗಳ ತೊಡಕು

ಶಾಶ್ವತ ವಾಸ್ತವ್ಯದ ಅರ್ಜಿಗಳು ಅಲ್ಲಿನ ಕಾನೂನಿನಿಂದ ತಡವಾಗುವಷ್ಟೇ ಇಲ್ಲಿನ ಕಾಗದಗಳಿಂದಲೂ ತಡವಾಗುತ್ತವೆ. ಈ ಭಾಗದ ಇತಿಹಾಸವೇ ದಾಖಲೆಗಳಲ್ಲಿ ಕೂತಿದೆ. 1956ಕ್ಕೆ ಮುಂಚೆ ಹುಟ್ಟಿದ ತಂದೆ ತಾಯಿಯ ಕಾಗದದಲ್ಲಿ ಮುಂಬಯಿ ಪ್ರಾಂತ ಅಥವಾ ಮುಂಬಯಿ ರಾಜ್ಯ ಎಂದಿರುತ್ತದೆ. 1997ಕ್ಕೆ ಮುಂಚೆ ಗದಗ, ಹಾವೇರಿ, ರಾಣೆಬೆನ್ನೂರಿನಲ್ಲಿ ಹುಟ್ಟಿದವರ ಜನನ ದಾಖಲೆಯಲ್ಲಿ ಜಿಲ್ಲೆ ಧಾರವಾಡ. ಆಧಾರ್‌ನಲ್ಲಿ ಗದಗ ಅಥವಾ ಹಾವೇರಿ. 2014ರ ನವೆಂಬರ್ 1ರಂದು ಇಂಗ್ಲಿಷ್‌ನಲ್ಲಿ 'ಹುಬ್ಳಿ' ಎಂದಿದ್ದದ್ದು 'ಹುಬ್ಬಳ್ಳಿ' ಆದ ಮೇಲೆ ಅಣ್ಣನ ಪಾಸ್‌ಪೋರ್ಟಿನಲ್ಲಿ ಒಂದು, ತಂಗಿಯ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಕಾಗುಣಿತ. ವಿದೇಶದ ಅಧಿಕಾರಿಗೆ ಇವು ಎರಡು ಊರುಗಳಂತೆ ಕಾಣುತ್ತವೆ. ಎರಡೂ ಒಂದೇ ಎಂದು ತೋರಿಸುವ ಸರ್ಕಾರಿ ಆದೇಶದ ಪ್ರತಿಯೊಂದನ್ನು ಅರ್ಜಿಯ ಜೊತೆಗಿಟ್ಟರೆ ತಿಂಗಳುಗಳ ಪತ್ರವ್ಯವಹಾರ ಉಳಿಯುತ್ತದೆ.

ಹೆಸರಿನದು ಇನ್ನೊಂದು ತೊಡಕು. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮುಂದೆ, ಪದವಿ ಪ್ರಮಾಣಪತ್ರದಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬಿಟ್ಟುಹೋಗಿರುವುದು ಸಾಮಾನ್ಯ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ಒಂದೇ ಪದದ ಹೆಸರು ಬರೆಸಿದವರನ್ನು ಯುಎಇ 2022ರ ನವೆಂಬರ್‌ನಿಂದ ವಿಸಿಟ್ ವೀಸಾದಲ್ಲಿ ಒಳಗೆ ಬಿಡಲಿಲ್ಲ. ಮೊದಲ ಪಾಸ್‌ಪೋರ್ಟ್ ಮಾಡಿಸುವಾಗಲೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರಕಾರ ಮೂರೂ ಹೆಸರನ್ನು ಸರಿಯಾಗಿ ಹಂಚುವುದು ಒಳ್ಳೆಯದು.

ಪದವಿಯ ಮಾನ್ಯತೆಗೆ ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ಅಂಕಗಳ ಪ್ರತಿ ಕೇಳುತ್ತಾರೆ. ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ (ಬಿವಿಬಿ) ಕಾಲೇಜಿನಲ್ಲಿ ಓದಿದವರು ಇಲ್ಲಿ ತಮ್ಮ ಕಾಲವನ್ನು ನೆನಪಿಟ್ಟುಕೊಳ್ಳಬೇಕು. ಹಳಬರ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂದ ನಂತರದವರದು ಬೆಳಗಾವಿಯದ್ದು, 2015ರಲ್ಲಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾದ ಮೇಲೆ ಸೇರಿದವರದು ಹುಬ್ಬಳ್ಳಿಯದ್ದೇ. ಕಟ್ಟಡ ಒಂದೇ, ಅರ್ಜಿ ಹೋಗುವ ಕಚೇರಿ ಮೂರು. ಭಾರತ 2005ರಲ್ಲಿ ಅಪಾಸ್ಟಿಲ್ ಒಡಂಬಡಿಕೆ ಸೇರಿದ್ದರಿಂದ ಯುರೋಪಿನ ಹಲವು ದೇಶಗಳಿಗೆ ಮತ್ತು ಅಮೆರಿಕಕ್ಕೆ ಒಂದು ಮುದ್ರೆ ಸಾಕು. ಯುಎಇಯಂಥ ದೇಶಗಳಿಗೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ ಮೂರರ ಮೊಹರೂ ಬೇಕು.

ಹೊಲ, ತೆರಿಗೆ, ಪೌರತ್ವ

ಕುಂದಗೋಳ, ನವಲಗುಂದದ ಕಡೆಯ ಎರೆಹೊಲವಿರುವ ಮನೆಯವರಿಗೆ ವಾಸ್ತವ್ಯದ ಪ್ರಶ್ನೆ ಊರಿನ ಉತಾರಕ್ಕೂ ಬಂದು ಮುಟ್ಟುತ್ತದೆ. ವಿದೇಶದಲ್ಲಿ ನೆಲೆಸಿದ ಭಾರತೀಯರು, ಭಾರತದ ಪಾಸ್‌ಪೋರ್ಟೇ ಇದ್ದರೂ, ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ 'ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದು' ಎಂಬ ಮಾತು ಹಬ್ಬಿತು; ಅನಿವಾಸಿಗಳಿಗಿರುವ ತಡೆ ಕೇಂದ್ರದ ವಿದೇಶಿ ವಿನಿಮಯ ನಿಯಮದ್ದು, ಅದು ಹಾಗೇ ಇದೆ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ನೆಲೆಸಿದ ಭಾರತೀಯರಿಗೇ ಮಾರಬೇಕು. ಆದ್ದರಿಂದ ತಂದೆಯವರ ನಂತರದ ವಾರಸಾ ದಾಖಲಾತಿಯನ್ನು ಮುಂದೆ ನೋಡಿದರಾಯಿತು ಎಂದು ಬಿಡುವುದು ಅಪಾಯ.

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. 1955ರ ಪೌರತ್ವ ಕಾಯಿದೆಯ 9ನೇ ಕಲಮಿನ ಪ್ರಕಾರ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ್ದು ಹೋಗುತ್ತದೆ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಒಪ್ಪಿದರೂ ಭಾರತೀಯರಿಗೆ ಅದರಿಂದ ಲಾಭವಿಲ್ಲ. ಹಾಗೆ ಪೌರತ್ವ ಬದಲಿಸಿದವರಿಗೆ 2005ರಲ್ಲಿ ಬಂದ ಓಸಿಐ ಕಾರ್ಡ್ ಜೀವಮಾನದ ವೀಸಾ. ಮತದ ಹಕ್ಕು, ಸರ್ಕಾರಿ ನೌಕರಿ, ಹೊಲ ಕೊಳ್ಳುವ ಹಕ್ಕು ಅದರಲ್ಲಿಲ್ಲ. ಪಿಆರ್ ಅಥವಾ ಗ್ರೀನ್ ಕಾರ್ಡ್‌ನಲ್ಲಿ ನಿಂತವರು ಭಾರತದ ಪ್ರಜೆಗಳಾಗಿಯೇ ಇರುತ್ತಾರೆ. ಅವರು 6ಎ ನಮೂನೆ ತುಂಬಿ ತಮ್ಮೂರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಮತ ಹಾಕಲು ಮಾತ್ರ ಊರಿಗೇ ಬರಬೇಕು.

ತೆರಿಗೆಗೂ ವಿದೇಶಿ ವಿನಿಮಯಕ್ಕೂ 'ನಿವಾಸಿ' ಯಾರು ಎಂಬ ಲೆಕ್ಕ ಬೇರೆ ಬೇರೆ. ಆದಾಯ ತೆರಿಗೆಯವರು ದಿನ ಎಣಿಸುತ್ತಾರೆ: ವರ್ಷದಲ್ಲಿ 182 ದಿನ, ಭಾರತದ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ ಊರಿಗೆ ಬಂದುಹೋಗುವಾಗ 120 ದಿನ. ವಿದೇಶಿ ವಿನಿಮಯ ಕಾನೂನು ಉದ್ದೇಶ ನೋಡುತ್ತದೆ. ಕೆಲಸಕ್ಕೆಂದು ವಿಮಾನ ಹತ್ತಿದವನು ಅಂದಿನಿಂದಲೇ ಅನಿವಾಸಿ. ಆಗ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಹೊರಗಿನ ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆದರೆ ಅದರ ಬಡ್ಡಿಗೆ ತೆರಿಗೆ ಇಲ್ಲ. ಹತ್ತು ವರ್ಷದ ಹಿಂದಿನ ಉಳಿತಾಯ ಖಾತೆಯನ್ನೇ ಬಳಸುತ್ತಾ ಬಂದವರು ನಮ್ಮಲ್ಲಿ ಬಹಳ. ಬ್ಯಾಂಕಿಗೆ ಒಂದು ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ.

ತಂದೆ ತಾಯಿಯ ವಾಸ್ತವ್ಯ

ಎಲ್ಲ ದೇಶಗಳೂ ಬಿಗಿಯಾಗಿರುವ ಜಾಗ ಇದು. ಗ್ರೀನ್ ಕಾರ್ಡ್ ಇದ್ದವರು ಸಂಗಾತಿ ಮತ್ತು ಮದುವೆಯಾಗದ ಮಕ್ಕಳಿಗೆ ಅರ್ಜಿ ಹಾಕಬಹುದು, ತಂದೆ ತಾಯಿಗೆ ಹಾಕುವಂತಿಲ್ಲ. ಅದಕ್ಕೆ ಅಮೆರಿಕದ ಪೌರರೇ ಆಗಬೇಕು. ಬ್ರಿಟನ್ 2012ರಿಂದ, ದಿನನಿತ್ಯದ ಆರೈಕೆ ಬೇಕಾದ ಮತ್ತು ಅದು ಸ್ವದೇಶದಲ್ಲಿ ಸಿಗದ ಹಿರಿಯರಿಗಷ್ಟೇ ಬಾಗಿಲು ತೆರೆದಿದೆ. ಕೆನಡಾದ ಸೂಪರ್ ವೀಸಾದಲ್ಲಿ 2022ರಿಂದ ಒಮ್ಮೆಗೆ 5 ವರ್ಷದವರೆಗೆ ಇರಬಹುದು; ಇದ್ದುದರಲ್ಲಿ ಇದೇ ಮಾನವೀಯ ಏರ್ಪಾಡು. ಮಗನೋ ಮಗಳೋ ಪೌರರಾಗಿ ಕೊಡಿಸಿದ ಗ್ರೀನ್ ಕಾರ್ಡ್ ಹಿಡಿದು, ಮಾಳಮಡ್ಡಿಯ ಮನೆ ಬಿಡಲಾಗದೆ ವರ್ಷಕ್ಕಿಂತ ಹೆಚ್ಚು ಧಾರವಾಡದಲ್ಲೇ ಉಳಿದ ಹಿರಿಯರು ಮರುಪ್ರವೇಶದ ಪರವಾನಗಿ ಇಲ್ಲದಿದ್ದರೆ ಆ ಕಾರ್ಡನ್ನು ಕಳೆದುಕೊಳ್ಳುವ ಸಂಭವ ಹೆಚ್ಚು. ಊರು ಬಿಡುವ ಮನಸ್ಸಿಲ್ಲದವರಿಗೆ 10 ವರ್ಷದ ಬಿ-2 ಪ್ರವಾಸಿ ವೀಸಾ ಹೆಚ್ಚು ಹೊಂದುತ್ತದೆ. ಒಂದು ಭೇಟಿಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಹೊರಡುವ ಮುನ್ನ ಪ್ರವಾಸಿ ಆರೋಗ್ಯ ವಿಮೆಯ ಕರಾರನ್ನು ಪೂರ್ತಿ ಓದಬೇಕು. ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಆದ ಹೃದಯದ ಶಸ್ತ್ರಚಿಕಿತ್ಸೆ ಮುಂತಾದವನ್ನು ಬಹಳಷ್ಟು ಪಾಲಿಸಿಗಳು ಹೊರಗಿಡುತ್ತವೆ. ಅಂಥ ಪಾಲಿಸಿ ಹಿಡಿದು ಹೋದರೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಕಳೆದರೂ ಬಿಲ್ಲು ಪೂರ್ತಿ ಮಕ್ಕಳ ಮೇಲೆ ಬೀಳುತ್ತದೆ.